ಕಿಟಕಿ ಇರುವ ಕ್ಯಾಬಿನ್ನು

ಪರದೆ ಅಂಗಡಿ ಇಟ್ಟವರ ಮನೆಯಲ್ಲಿ ಕಿಟಕಿ ಕಿಟಕಿಗೂ ಮಖಮಲ್ಲು ಇಳಿಬಿದ್ದಿರುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಪಕ್ಕದ ಮನೆಯ ಪರದೆಯವರಲ್ಲಿಗೆ ಮೊದಲ ಸಲ ಹೋದಾಗ ಬೆಳಗಿನ ಬಿಸಿಲು ನೇರ ಕಣ್ಣಿಗೇ ಹೊಡೆಯಿತು.

"ಪರದೆಗಳನ್ನ ಒಗೆಯೋಕೆ ಹಾಕಿದ್ದೀರಾ?" ಎಂದು ಕೇಳಿದೆ.

"ಇನ್ನೂ ಹೊಲಿಯೋಕೇ ಹಾಕಿಲ್ಲ," ಎಂದರು ಅವರ ಹೆಂಡತಿ. ಆ ಹೊತ್ತಿಗೆ ಅವರ ಮಗಳ ಮದುವೆಯೂ ಮುಗಿದಿತ್ತು.

ಪರದೆಯವರದೇನೂ ತಪ್ಪಿಲ್ಲ. (ಇದು ಅವರದೇ ಮಾತು.) ಮನೆಗೆಂದು ಎತ್ತಿಟ್ಟ ಬಟ್ಟೆಯ ಮೇಲೇ ಗಿರಾಕಿಯ ಕಣ್ಣು ಬೀಳುತ್ತದೆ, ಗಿರಾಕಿಗೆ ಇಲ್ಲವೆನ್ನಲು ಅವರ ನಾಲಿಗೆ ಹೊರಳುವುದಿಲ್ಲ. ಹೀಗಾಗಿ ಅವರ ಹೆಂಡತಿ ರಜೆ ಇರಲಿ, ಜ್ವರ ಇರಲಿ, ಸೂರ್ಯನ ಜೊತೆಗೇ ಏಳುತ್ತ ಬಂದಿದ್ದರು.

ಇಂಥ ದಂಪತಿ ಹಡಗಿನ ಪ್ರವಾಸಕ್ಕೆ ಹೊರಟರು. ಟಿಕೆಟ್ ಕಚೇರಿಯಾಕೆ ಹಡಗಿನ ನಕ್ಷೆ ಹರಡಿ, "ಒಳಗಿನ ಕ್ಯಾಬಿನ್ನಿಗೆ ಕಿಟಕಿ ಇರಲ್ಲ. ಹೊರಗಿನದಕ್ಕೆ ಇದೆ, ಸಮುದ್ರ ಕಾಣುತ್ತೆ. ಯಾವುದು ಕೊಡಲಿ?" ಎಂದಳು.

"ಹೊರಗಿಂದು," ಎಂದರು ಪರದೆಯವರು.

"ಸ್ವಲ್ಪ ಇರಿ," ಎಂದರು ಹೆಂಡತಿ. "ಒಳಗಿನದರಲ್ಲಿ ಕತ್ತಲೆ ಇರುತ್ತೇನಮ್ಮಾ?"

"ದೀಪ ಆರಿಸಿದರೆ ನಿಮ್ಮ ಕೈ ನಿಮಗೇ ಕಾಣಲ್ಲ ಮೇಡಂ. ಬೆಳಗಾಗಿದ್ದೂ ಗೊತ್ತಾಗಲ್ಲ."

ಹೆಂಡತಿಯ ಮುಖ ಊರಗಲ ಅರಳಿತು. "ಅದನ್ನೇ ಕೊಡಮ್ಮ. ನಾನಾಗಿ ಎಚ್ಚರ ಆಗೋವರೆಗೂ ಮಲಗಬೇಕು. ಜನ್ಮದಲ್ಲಿ ಅದೊಂದು ಆಸೆ ಉಳಿದಿದೆ."

"ನಿದ್ದೆ ಮಾಡೋಕೆ ಸಮುದ್ರದವರೆಗೂ ಹೋಗಬೇಕೇನೇ?"

"ಮನೇಲಿ ಆಗೋ ಹಾಗಿದ್ರೆ ಯಾಕೆ ಹೋಗ್ತಿದ್ದೆ?"

"ಕಿಟಕಿಯಿಂದ ಅನ್ನ ಕಂಡವನು ಕಣೇ ನಾನು! ಕಿಟಕಿಯಿಲ್ಲದ ಗೂಡಲ್ಲಿ ಮಲಗಿ ಬಂದು, ಯಾವ ಮುಖ ಇಟ್ಟುಕೊಂಡು ಪರದೆ ಮಾರಲಿ?"

"ಕತ್ತಲೇಲಿ ಮುಖ ಯಾವುದಾದ್ರೇನು ಬಿಡಿ."

ಸಹಿ ಹಾಕುವ ಪೆನ್ನು ಪರದೆಯವರ ಕೈಯಲ್ಲಿದ್ದುದರಿಂದ ಕ್ಯಾಬಿನ್ ಮಹಾಸಮರದಲ್ಲಿ ಜಯ ಅವರದೇ ಆಯಿತು. ದುರ್ಬೀನು ಕೊಂಡರು. ಇನ್ನೂ ಕಾಣದ ತಿಮಿಂಗಿಲದ ವರ್ಣನೆಯನ್ನು ಗಿರಾಕಿಗಳಿಗೆ ಮುಂಗಡವಾಗಿಯೇ ಹಂಚಿದರು.

ಹಡಗು ಹತ್ತಿ ಕ್ಯಾಬಿನ್ನಿನ ಬಾಗಿಲು ತೆರೆದರೆ, ಎದುರಿಗೇ ಕಿಟಕಿ. ಅದರಾಚೆ ಸಾಕ್ಷಾತ್ ಸಾಗರ. ಆದರೆ ಪರದೆಯವರ ಕಣ್ಣು ಸಾಗರಕ್ಕೆ ತಲುಪಲೇ ಇಲ್ಲ. ನಡುದಾರಿಯಲ್ಲಿ ಪರದೆಗೆ ಸಿಕ್ಕಿಕೊಂಡಿತು. ಬೆರಳ ನಡುವೆ ತಿಕ್ಕಿದರು, ಮಡಿಕೆ ಮಗುಚಿದರು, ಮೂಸಿಯೂ ನೋಡಿದರು.

"ಏನು ಕಸುಬುಗಾರಿಕೆ ಕಣೇ! ಮೂರು ಪದರ! ಒಂದೆಳೆ ಬೆಳಕು ನುಸುಳಲ್ಲ!"

"ಹೌದಾ?" ಎಂದರು ಹೆಂಡತಿ, ಚಪ್ಪಲಿ ಬಿಡುತ್ತ. "ಎಲ್ಲಿ, ತೋರಿಸಿ."

ಗಿರಾಕಿ ತೋರಿಸೆಂದರೆ ತೋರಿಸದೆ ಇರುವ ಜೀವವೇ ಅದಲ್ಲ. ಒಂದೇ ಬೀಸಿಗೆ ಸರ್ರನೆ ಎಳೆದರು. ಹಾಡಹಗಲೇ ಕ್ಯಾಬಿನ್ನು ಕಾಡಿಗೆ ಡಬ್ಬಿಯಾಯಿತು. ಆ ಕತ್ತಲೆಯಲ್ಲಿ ಮಂಚ ಕಿರ್ರೆಂದಿತು; ಹಿಂದೆಯೇ ಗೊರಕೆ.

ಆಮೇಲೆ ಆ ಪರದೆ ಸರಿಯಲಿಲ್ಲ. ಅಂಚಿಗೆ ಕೈ ತಗುಲಿದರೆ ಸಾಕು, ಕಂಬಳಿಯೊಳಗಿಂದ "ರೀ..." ಎಂದು ಹೊರಡುತ್ತಿತ್ತು. ಆ ಒಂದಕ್ಷರದಲ್ಲಿ ಅಷ್ಟು ವರ್ಷಗಳ ಬಿಸಿಲಿತ್ತು. ಪರದೆಯವರು ದುರ್ಬೀನು ಕೊರಳಿಗೆ ಹಾಕಿಕೊಂಡು ಮೇಲಿನ ಡೆಕ್ಕಿಗೆ ಹೋಗಿ, ಒಳಗಿನ ಕ್ಯಾಬಿನ್ನಿನವರ ನಡುವೆ ನೂಕಾಡಿಕೊಂಡು ಸಮುದ್ರ ನೋಡಿದರು.

"ನಿಮ್ಮದೂ ಕಿಟಕಿಯಿಲ್ಲದ್ದಾ?" ಎಂದ ಪಕ್ಕದವನು, ಮರುಕದಿಂದ.

"ಹೂಂ," ಎಂದರು ಪರದೆಯವರು.

ಅವರು ಮರಳಿದ ಮೇಲೆ ಯೋಗಕ್ಷೇಮ ವಿಚಾರಿಸಲು ಹೋದೆ. ಮಲಗುವ ಕೋಣೆಯಲ್ಲಿ ಹೆಂಡತಿ ಸ್ಟೂಲು ಹತ್ತಿ, ಅಂಗಡಿಯ ಟೇಪು ಹಿಡಿದು ಕಿಟಕಿ ಅಳೆಯುತ್ತಿದ್ದರು. ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು. ನನ್ನನ್ನು ಕಂಡೊಡನೆ ಪರದೆಯವರಿಗೆ ಮಾನ ಉಳಿಸಿಕೊಳ್ಳುವ ಹುಮ್ಮಸ್ಸು ಬಂತು.

"ಇವರಿಗೆ ಹೇಳೇ! ನಮ್ಮ ಕ್ಯಾಬಿನ್ನಿನ ಕಿಟಕೀಲಿ ಕಂಡಿದ್ದರಲ್ಲಿ ನಿನಗೆ ಯಾವುದು ಬಹಳ ಚೆನ್ನಾಗಿತ್ತು?"

"ಪರದೆ," ಎಂದರು ಆಕೆ. "ಸ್ಟೂಲು ಗಟ್ಟಿಯಾಗಿ ಹಿಡ್ಕೊಳ್ಳಿ."