ಮೈನಸ್ ಬಂದರೆ ಬಾಯಿ ಯಾಕೆ ತಿರುಗುತ್ತದೆ?

ಗಣಿತದ ಮಾಸ್ತರನಿಗೆ ಗಣಿತವೆಲ್ಲ ತಿಳಿದಿರುತ್ತದೆ ಎಂದು ಜನ ನಂಬಿರುತ್ತಾರೆ. ಪಾಪ, ಅವರ ನಂಬಿಕೆ ಕೆಡಿಸಬಾರದೆಂದು ನಾನೂ ಸುಮ್ಮನಿರುತ್ತಿದ್ದೆ. ಎಪ್ಪತ್ತರ ದಶಕದಲ್ಲಿ ಸಿಂದಗಿಯ ಹೈಸ್ಕೂಲಿನಲ್ಲಿ ಹೀಗೇ ಮರ್ಯಾದೆಯಿಂದ ದಿನ ಕಳೆಯುತ್ತಿದ್ದಾಗ ಹೊಸ ಪಠ್ಯಪುಸ್ತಕ ಬಂತು. ಅದರಲ್ಲಿ ಅಸಮತೆ ಎಂಬ ಪಾಠವಿತ್ತು. ನನಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಸಮೀಕರಣ. ಅದು ಸಭ್ಯ ಗೃಹಸ್ಥ; ಎಕ್ಸ್ ಎಷ್ಟು ಎಂದರೆ ಐದು ಎಂದು ಹೇಳಿ ಕೈ ತೊಳೆದುಕೊಳ್ಳುತ್ತದೆ. ಅಸಮತೆ ಹಾಗಲ್ಲ. ಎಕ್ಸ್ ಐದಕ್ಕಿಂತ ಕಡಿಮೆ ಎಂದು ಹೇಳಿ ಹೊರಟೇಹೋಗುತ್ತದೆ. ನಾಲ್ಕಾದರೂ ಸರಿ, ಒಂದಾದರೂ ಸರಿ, ಸೊನ್ನೆಯಾದರೂ ಸರಿ. ಸಂತೆಗೆ ಹೊರಟ ಗಂಡ "ಕತ್ತಲಾಗೂದ್ರೊಳಗ ಬರ್ತೇನಿ" ಎಂದಂತೆ, ಎಲ್ಲಿಯೂ ಸಿಕ್ಕಿಬೀಳುವ ಮಾತೇ ಇಲ್ಲ.

ಇಷ್ಟಾದರೆ ನಿಭಾಯಿಸಬಹುದಿತ್ತು. ತೊಂದರೆ ಇದ್ದದ್ದು ಒಂದೇ ನಿಯಮದಲ್ಲಿ. ಎರಡೂ ಕಡೆ ಋಣಸಂಖ್ಯೆಯಿಂದ ಗುಣಿಸಿದರೆ ನಡುವಿನ ಚಿಹ್ನೆ ತಿರುಗಿಬಿಡುತ್ತದೆ. ಎರಡು ಐದಕ್ಕಿಂತ ಚಿಕ್ಕದು; ಮೈನಸ್ ಎರಡು ಮಾತ್ರ ಮೈನಸ್ ಐದಕ್ಕಿಂತ ದೊಡ್ಡದು. ಯಾಕೆ ಎಂದು ಪುಸ್ತಕ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಷ್ಟರಲ್ಲಿ ಹೆಡ್‌ಮಾಸ್ತರರು ಬಸವನ ಬಾಗೇವಾಡಿಯಲ್ಲಿ ನಡೆಯುವ ಅಸಮತೆಯ ಮಾದರಿ ಪಾಠಕ್ಕೆ ನನ್ನ ಹೆಸರು ಕೊಟ್ಟುಬಿಟ್ಟರು. ಇಂಡಿ, ಮುದ್ದೇಬಿಹಾಳಗಳಿಂದಲೂ ಗಣಿತದ ಮಾಸ್ತರರು ಬರುವವರಿದ್ದರು. ಅವರಲ್ಲಿ ಮುದ್ದೇಬಿಹಾಳದ ಗುರುಪಾದಪ್ಪ ಮಾಸ್ತರರೂ ಒಬ್ಬರು. ಅವರು ಯಾವ ಪಾಠಕ್ಕೆ ಹೋದರೂ ಹಿಂದಿನ ಬೆಂಚಿನಿಂದ ಎದ್ದು "ಯಾಕ?" ಎಂದು ಒಂದೇ ಮಾತು ಕೇಳಿ ಕೂಡುತ್ತಿದ್ದರು. ಆ ಮಾತಿಗೆ ನಿಂತಲ್ಲೇ ಬೆವರಿದವರನ್ನು ನಾನು ಕಂಡಿದ್ದೆ. ನಾಲ್ಕು ತಾಲೂಕಿನವರ ಮುಂದೆ ನನ್ನ ಮಾನ ಹೋಗುವುದು ಖಾತ್ರಿಯಾಯಿತು.

ಆ ವಾರ ಹೆಂಡತಿ ಶಾಂತಾಳನ್ನು ಕೂಡಿಸಿಕೊಂಡು ಪಾಠದ ತಾಲೀಮು ಮಾಡಿದೆ. ಚಿಹ್ನೆಯ ತೆರೆದ ಬಾಯಿ ಯಾವಾಗಲೂ ದೊಡ್ಡದರ ಕಡೆಗಿರುತ್ತದೆ ಎಂದು ವಿವರಿಸಿದೆ.

"ಕೂಡಿಸಿದ್ರ ಬಾಯಿ ಸುಮ್ಮನಿರತೈತಿ, ಕಳದ್ರೂ ಸುಮ್ಮನಿರತೈತಿ. ಮೈನಸ್ಸಿಲೆ ಗುಣಿಸಿದ್ರ ಅಷ್ಟ ಯಾಕ ತಿರುಗತೈತ್ರಿ?" ಎಂದಳು.

"ಅದು ನೇಮ ಐತಿ."

"ಹಿಂಗ ಉತ್ತರ ಕೊಟ್ಟ ಹುಡುಗರ್ನ ನೀವು ಬೆಂಚಿನ ಮ್ಯಾಲ ನಿಂದ್ರಿಸ್ತೀರಲ್ಲ."

ಮನೆಯಲ್ಲೇ ಒಬ್ಬ ಗುರುಪಾದಪ್ಪ ಇದ್ದಂತಾಯಿತು. ಹೊರಡುವ ಬೆಳಿಗ್ಗೆ ಅವಳು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡಲು ಬಂದಳು. ನಾನು ಸಿಟ್ಟಿನಲ್ಲೇ, "ಬ್ಯಾಡ. ಪಾಠ ಹೇಳಾಕ ಹೋದವ ರೊಟ್ಟಿ ಗಂಟು ಹಿಡಕೊಂಡು ಹೋದ್ರ ಛಂದ ಕಾಣಂಗಿಲ್ಲ. ಅಲ್ಲಿ ಉಪ್ಪಿಟ್ಟು ಇರತೈತಿ" ಎಂದು ಬಸ್‌ಸ್ಟ್ಯಾಂಡಿಗೆ ನಡೆದೆ.

ಬಸ್ಸು ಯಾವಾಗಲೂ ಚಹಾದಂಗಡಿಯ ಮುಂದೆ ನಿಲ್ಲುತ್ತಿತ್ತು. ನಾನು ಅಲ್ಲೇ ಪಾಳಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತೆ. ಕಿಡಕಿಯಿಂದ ಒಗೆದು ಸೀಟು ಹಿಡಿಯಲು ಟವೆಲ್ಲನ್ನೂ ಹೆಗಲಿಗೆ ಹಾಕಿಕೊಂಡಿದ್ದೆ. ಅರಿವೆ ವ್ಯಾಪಾರದ ಚಾಂದಸಾಬರು ಎಲೆಅಡಿಕೆ ಹಾಕಿಕೊಳ್ಳುತ್ತ ನಿಧಾನವಾಗಿ ಬಂದು ಕೊನೆಗೆ ನಿಂತರು. ಅವರ ಕಡೆ ನಾನು ಕೊಂಚ ಕನಿಕರದಿಂದಲೇ ನೋಡಿದೆ. ಅವತ್ತು ಡ್ರೈವರನಿಗೆ ಏನು ಹೊಳೆಯಿತೋ, ಬಸ್ಸನ್ನು ಪಾಳಿಯ ಬಾಲದ ಕಡೆ, ಬೇವಿನ ಮರದ ಹತ್ತಿರ ನಿಲ್ಲಿಸಿದ. ಕಂಡಕ್ಟರ್ ಇಳಿದು, "ಎಲ್ಲಾರೂ ಹೊಳ್ಳಿ ನಿಂದರ್ರಿ" ಎಂದ. ಎಲ್ಲರೂ ನಿಂತಲ್ಲೇ ಗಿರಕ್ಕನೆ ತಿರುಗಿದರು. ಚಾಂದಸಾಬರು ಮೊದಲಿಗರಾದರು, ನಾನು ಕೊನೆಯವನಾದೆ.

"ಇದೇನ್ರಿ ಸಾಹೇಬ್ರ?" ಎಂದೆ.

"ನಾ ಏನೂ ಮಾಡಿಲ್ರಿ ಮಾಸ್ತರ, ನಿಂತಲ್ಲೇ ನಿಂತೀನಿ," ಎಂದು ನಗುತ್ತ ಹತ್ತಿದರು.

ದೇವರ ಹಿಪ್ಪರಗಿ ದಾಟುವವರೆಗೂ ನಿಂತುಕೊಂಡು ಎಲ್ಲರನ್ನೂ ಬೈದುಕೊಂಡೆ. ಆಮೇಲೆ, ಬಸ್ಸು ಒಂದು ತಗ್ಗಿಗೆ ಬಿದ್ದು ತಲೆ ಚಾವಣಿಗೆ ಬಡಿದ ಹೊತ್ತಿಗೆ, ಥಟ್ಟನೆ ಹೊಳೆಯಿತು. ಪಾಳಿಯಲ್ಲಿ ಯಾರೂ ಜಾಗ ಬಿಟ್ಟಿರಲಿಲ್ಲ. ಎಲ್ಲರ ಮುಖವಷ್ಟೇ ತಿರುಗಿತ್ತು. ಮುಖ ತಿರುಗಿದರೆ ಮುಂದಿನವ ಹಿಂದಾಗಲೇಬೇಕು. ಮೈನಸ್ಸಿನಿಂದ ಗುಣಿಸುವುದೆಂದರೆ ಸಂಖ್ಯೆಗಳ ಪಾಳಿಗೆ "ಹೊಳ್ಳಿ ನಿಂದರ್ರಿ" ಅನ್ನುವುದು, ಅಷ್ಟೇ. ನನಗೆ ಎಷ್ಟು ಸಂತೋಷವಾಯಿತೆಂದರೆ ಆ ಡ್ರೈವರನನ್ನು ಅಪ್ಪಿಕೊಳ್ಳಬೇಕೆನಿಸಿತು.

ಬಾಗೇವಾಡಿಯಲ್ಲಿ ಗುರುಪಾದಪ್ಪ ಮಾಸ್ತರರು ತಪ್ಪದೆ ಎದ್ದು "ಯಾಕ?" ಎಂದರು. ನಾನು ಐದಾರು ಮಾಸ್ತರರನ್ನು ಪಾಳಿ ನಿಲ್ಲಿಸಿ, ಗುರುಪಾದಪ್ಪನವರನ್ನೇ ಮುಂದಿಟ್ಟು, ಎಲ್ಲರನ್ನೂ ತಿರುಗಿಸಿದೆ. ಕೊನೆಗೆ ಬಿದ್ದ ಅವರು ಮುಂದಿದ್ದವರನ್ನೆಲ್ಲ ಒಮ್ಮೆ ಎಣಿಸಿ ನೋಡಿ, "ಬರೋಬ್ಬರಿ ಐತಿ" ಎಂದು ಕೂತರು. ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಪಾಠ ಹೇಳಿದವನೆಂದು ಉಪ್ಪಿಟ್ಟಿನ ಪಾಳಿಯಲ್ಲಿ ನನ್ನನ್ನೇ ಮುಂದೆ ನಿಲ್ಲಿಸಿದರು. ನಾನೂ ಬ್ಯಾಡ ಬ್ಯಾಡ ಎನ್ನುತ್ತಲೇ ನಿಂತೆ. ಉಪ್ಪಿಟ್ಟಿನ ಪಾತೇಲಿ ಹಿಂದಿನ ಬಾಗಿಲಿನಿಂದ ಬಂತು.

"ಮಾಸ್ತರ, ಮೈನಸ್ ಬಂತು ನೋಡ್ರಿ," ಎಂದರು ಗುರುಪಾದಪ್ಪನವರು. ಎಲ್ಲರೂ ನಾನು ಕಲಿಸಿದ ಹಾಗೆಯೇ, ಒಂದಿಷ್ಟೂ ತಪ್ಪಿಲ್ಲದೆ ತಿರುಗಿ ನಿಂತರು. ನನ್ನ ಪಾಳಿ ಬರುವಷ್ಟರಲ್ಲಿ ಪಾತೇಲಿಯಲ್ಲಿ ಸೌಟಿನ ಸಪ್ಪಳವಷ್ಟೇ ಉಳಿದಿತ್ತು.

ಸಂಜೆ ಮನೆ ಸೇರಿದಾಗ ಶಾಂತಾ ಕೇಳಿದಳು, "ಉಪ್ಪಿಟ್ಟು ಎಷ್ಟು ತಿಂದ್ರಿ?"

"ಒಂದು ಪ್ಲೇಟಿಗಿಂತ ಕಡಿಮಿ," ಎಂದೆ. ಗಣಿತದ ಪ್ರಕಾರ ಸುಳ್ಳಲ್ಲ.

ಅವಳು ನನ್ನ ಮುಖವನ್ನೇ ನೋಡಿದಳು. "ಸೊನ್ನಿನೂ ಒಂದಕ್ಕಿಂತ ಕಡಿಮಿನ ಅಲ್ರಿ?" ಎಂದು ಬೆಳಗಿನ ರೊಟ್ಟಿಯ ಬುಟ್ಟಿಯನ್ನು ಮುಂದಿಟ್ಟು, "ಎಷ್ಟು ಹಾಕ್ಲಿ?" ಎಂದಳು.

ನನಗೆ ಅಸಮತೆಯ ಸಹವಾಸ ಸಾಕಾಗಿತ್ತು. "ಐದು," ಎಂದೆ.