ಕಾಲು ಹಿಡಿಯುವವಳ ಏಜೆಂಟ್

ಹೆಂಡತಿಯನ್ನು ಊರ ಮುಂದೆ ಹೊಗಳುವ ಗಂಡಸನ್ನು ಜನ ಅನುಮಾನದಿಂದಲೇ ನೋಡುತ್ತಾರೆ. ಏನೋ ತಪ್ಪು ಮಾಡಿದ್ದಾನೆ, ಇಲ್ಲವೇ ಮಾಡಲಿದ್ದಾನೆ ಎಂದುಕೊಳ್ಳುತ್ತಾರೆ. ನಾನು ಕಳೆದ ವರ್ಷ ಅದನ್ನೇ ಒಂದು ಉದ್ಯೋಗ ಮಾಡಿಕೊಂಡೆ. ಅದಕ್ಕೆ ಸ್ಪೋರ್ಟ್ಸ್ ಏಜೆಂಟ್ ಎಂದು ಹೆಸರು. ಆಟಗಾರರು ಮೈದಾನದಲ್ಲಿ ಕೈಕಾಲು ಆಡಿಸಿದರೆ, ಅವರ ಪರವಾಗಿ ಹೊರಗೆ ಬಾಯಿ ಆಡಿಸುವವನು ಏಜೆಂಟ್. ಓಡಬೇಕಾಗಿಲ್ಲ, ಬೀಳಬೇಕಾಗಿಲ್ಲ. ಶಾಲೆಯಲ್ಲಿ ಆಟದ ಪೀರಿಯಡ್ ಬಂದರೆ ಎಲ್ಲರ ಚಪ್ಪಲಿ ಕಾಯುತ್ತಾ ಕೂತಿರುತ್ತಿದ್ದ ನನಗೆ ಇದಕ್ಕಿಂತ ಹೊಂದುವ ಕೆಲಸ ಇನ್ನೊಂದಿರಲಿಲ್ಲ.

ನನ್ನ ಹೆಂಡತಿ ಗಿರಿಜಾ ಅತ್ತಿಬೆಲೆಯವಳು. ಬೊಮ್ಮಸಂದ್ರದ ಔಷಧಿ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಆದರೆ ಅವಳ ಜೀವ ಇರುವುದು ಕಬಡ್ಡಿಯಲ್ಲಿ. ಅವಳದು ಲೆಫ್ಟ್ ಕಾರ್ನರ್. ಅಂದರೆ ಅಂಕಣದ ಎಡ ತುದಿಯಲ್ಲಿ ಏನೂ ಅರಿಯದವಳಂತೆ ನಿಂತಿದ್ದು, ರೇಡಿಗೆ ಬಂದವಳ ಪಾದವನ್ನು ಗಬಕ್ಕನೆ ಹಿಡಿದುಬಿಡುವುದು. ಹಿಡಿದರೆ ಉಡದ ಪಟ್ಟು. ಮೊಣಕಾಲೊಂದು ಆಗಾಗ ತಕರಾರು ಮಾಡುತ್ತಿತ್ತು, ಅಷ್ಟೇ. ಆದರೆ ವಾರಕ್ಕೊಂದು ಶಿಫ್ಟ್ ಬದಲಾಗುತ್ತಿದ್ದರೆ ಅಭ್ಯಾಸ ಮಾಡುವುದು ಯಾವಾಗ? ಸೂಪರ್‌ವೈಸರನ್ನು ಒಂದು ಮಾತು ಕೇಳಿಕೋ ಎಂದರೆ, "ಅಂಕಣದಲ್ಲಿ ಬಿಟ್ರೆ ನಾನು ಯಾರ ಕಾಲೂ ಹಿಡಿಯಲ್ಲ ಕಣ್ರೀ" ಎನ್ನುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ರಸ್ತೆಯ ಇನ್ನೊಂದು ಕಾರ್ಖಾನೆಯವರು ಹೆಂಗಸರ ತಂಡ ಕಟ್ಟುತ್ತಿದ್ದಾರೆ, ಆಟಗಾರ್ತಿಯರಿಗೆ ಕೆಲಸವನ್ನೂ ಕೊಡುತ್ತಾರೆ ಎಂಬ ಸುದ್ದಿ ಬಂತು. "ನಂಗೆ ಮೂವತ್ನಾಲ್ಕು ಆಯ್ತು. ಈ ಸಲ ಆಗ್ಲಿಲ್ಲ ಅಂದ್ರೆ ಶೂ ಅಟ್ಟಕ್ಕೆ ಹಾಕ್ತೀನಿ" ಎಂದು ಹೇಳಿ ಗಿರಿಜಾ ಸುಮ್ಮನಾದಳು. ಅವಳು ಮಾತಾಡಿದರೆ ತಡೆದುಕೊಳ್ಳಬಲ್ಲೆ, ಸುಮ್ಮನಾದರೆ ನನಗೆ ಸಂಕಟವಾಗುತ್ತದೆ. ನಾನೇ ನಿನ್ನ ಏಜೆಂಟ್, ನಾನು ಹೋಗಿ ಮಾತಾಡ್ತೀನಿ ಎಂದುಬಿಟ್ಟೆ.

ಆದರೆ ನಮ್ಮ ಕಡೆ ಏಜೆಂಟ್ ಎಂದರೆ ಒಂದೇ ಅರ್ಥ. ಸುದ್ದಿ ತಿಳಿದ ಮರುದಿನವೇ ನಮ್ಮ ಮನೆ ಓನರ್ ಮುನಿಯಮ್ಮ ಮೆಟ್ಟಿಲ ಬಳಿ ನಿಲ್ಲಿಸಿಕೊಂಡು, "ಏಜೆಂಟ್ ಆಗಿದೀಯಂತೆ. ಒಳ್ಳೆ ಸೈಟು ಬಂದ್ರೆ ನಮಗೂ ಏಳಪ್ಪ" ಎಂದರು. ಈ ಎಚ್ಚರಿಕೆ ನನ್ನ ತಲೆಗೆ ಹೋಗಬೇಕಿತ್ತು, ಹೋಗಲಿಲ್ಲ. ಇಸ್ತ್ರಿ ಅಂಗಿ ತೊಟ್ಟು ಆ ಕಾರ್ಖಾನೆಯ ಗೇಟಿನಲ್ಲಿ ಏಜೆಂಟ್ ಎಂದೇ ಹೇಳಿಸಿದೆ. ಮ್ಯಾನೇಜರ್ ರಂಗಸ್ವಾಮಿಯವರು ಎದ್ದು ಬಂದು ಕುರ್ಚಿ ಕೊಟ್ಟು, ಕಾಫಿಯನ್ನೂ ತರಿಸಿದರು. ಈ ಉದ್ಯೋಗಕ್ಕೆ ಇಷ್ಟು ಮರ್ಯಾದೆ ಇದೆಯೆಂದು ಗೊತ್ತಿದ್ದರೆ ಮದುವೆಯಾದ ದಿನವೇ ಶುರು ಮಾಡುತ್ತಿದ್ದೆ.

"ಕಾರ್ನರ್ ತಾನೆ?" ಎಂದರು.

ಕಬಡ್ಡಿ ಬಲ್ಲವರು ಎಂದು ನನಗೆ ಹಿಗ್ಗಾಯಿತು. "ಲೆಫ್ಟ್ ಕಾರ್ನರ್ ಸಾರ್. ಅತ್ತಿಬೆಲೇದು. ಇಂಥದ್ದು ಈ ಕಡೆ ಇನ್ನೊಂದಿಲ್ಲ."

"ಸದ್ಯಕ್ಕೆ ಯಾರ ಹೆಸರಲ್ಲಿದೆ?"

"ಹನ್ನೊಂದು ವರ್ಷದಿಂದ ನನ್ನ ಹೆಸರೇ ಸಾರ್. ಮುಂಚೆ ಅವರಪ್ಪನ ಹೆಸರಿತ್ತು."

"ತಕರಾರು ಗಿಕರಾರು?"

"ಸ್ವಲ್ಪ ಇತ್ತು ಸಾರ್. ಎಳ್ಳೆಣ್ಣೆ ಹಾಕಿ ತಿಕ್ಕಿದ್ಮೇಲೆ ಹೋಯ್ತು."

ಅವರು ಕಾಫಿ ಲೋಟ ಕೆಳಗಿಟ್ಟರು. "ನಾನು ಒಂದ್ಸಲ ಬಂದು ನೋಡ್ಬೇಕಲ್ಲ."

"ನೀವ್ಯಾಕೆ ಬರ್ಬೇಕು ಸಾರ್? ನಾಳೆ ಬೆಳಗ್ಗೆ ನಿಮ್ಮ ಮೈದಾನಕ್ಕೇ ಬರ್ತಾಳೆ."

"ಬರ್ತಾಳಾ? ಸೈಟು ಹೆಂಗ್ರೀ ನಡ್ಕೊಂಡು ಬರುತ್ತೆ?"

ಅವರು ಕಾರ್ನರ್ ಸೈಟು ತೋರಿಸುವ ಏಜೆಂಟನಿಗಾಗಿ ಕಾಯುತ್ತಿದ್ದರಂತೆ. ನಾನು ಬೆವರುತ್ತಾ ಎಲ್ಲವನ್ನೂ ಬಿಡಿಸಿ ಹೇಳಿದೆ. ರಂಗಸ್ವಾಮಿಯವರು ಮೇಜಿನ ಮೇಲೆ ತಲೆಯಿಟ್ಟು ನಕ್ಕರು. ಹೊರಗೆ ಹಾಕುತ್ತಾರೆಂದು ನಾನು ಅರ್ಧ ಎದ್ದಿದ್ದೆ. ಅವರು ಕಣ್ಣೊರೆಸಿಕೊಂಡು, ಇಷ್ಟು ನಗಿಸಿದ್ದಕ್ಕಾದರೂ ನೋಡೋಣ, ಕರೆದುಕೊಂಡು ಬನ್ನಿ ಎಂದರು.

ಮರುದಿನ ಬೆಳಗ್ಗೆ ಗಿರಿಜಾ ಅಂಕಣಕ್ಕಿಳಿದಳು. ಅವರ ತಂಡದ ಚುರುಕು ಹುಡುಗಿಯರು ಒಬ್ಬರ ಹಿಂದೊಬ್ಬರು ಆರು ಸಲ ರೇಡಿಗೆ ಬಂದರು. ಐದು ಸಲ ಪಾದ ಇವಳ ಕೈಯಲ್ಲಿತ್ತು. ಮೊದಲನೆಯ ಸಲ ತಪ್ಪಿದಾಗ ನಾನು ಕಣ್ಣು ಮುಚ್ಚಿಕೊಂಡವನು ಮೂರನೆಯದಕ್ಕೆ ಧೈರ್ಯ ಮಾಡಿ ತೆರೆದೆ. ರಂಗಸ್ವಾಮಿಯವರು ನನ್ನ ಹೆಗಲು ತಟ್ಟಿ, "ತಕರಾರಿಲ್ಲ ಕಣ್ರೀ. ರಿಜಿಸ್ಟರ್ ಮಾಡ್ಸೋಣ. ನಿಮ್ಮ ಷರತ್ತೇನು ಹೇಳಿ" ಎಂದರು. ಏಜೆಂಟನ ಬಾಯಿ ಇರುವುದೇ ಇಂಥ ಗಳಿಗೆಗೆ. ಯಾವಾಗಲೂ ಫಸ್ಟ್ ಶಿಫ್ಟ್, ದಿನಾ ಸಂಜೆ ಅಭ್ಯಾಸ, ಮೊಣಕಾಲಿಗೆ ಕಂಪನಿ ಡಾಕ್ಟರು. ನಾನು ಹೇಳುತ್ತಾ ಹೋದೆ, ಅವರು ಒಪ್ಪುತ್ತಾ ಹೋದರು. ಆ ವರ್ಷ ಕಾರ್ಖಾನೆಗಳ ಪಂದ್ಯಾವಳಿಯ ಫೈನಲ್ಲಿನಲ್ಲಿ ಕೊನೆಯ ರೇಡನ್ನು ಹಿಡಿದು ಕಪ್ ತಂದವಳು ನನ್ನ ಹೆಂಡತಿ. ಕಪ್ಪನ್ನು ಅವಳು ತಲೆಯ ಮೇಲೆ ಎತ್ತಿ ಹಿಡಿದಾಗ ನಾನು ನಾಚಿಕೆ ಬಿಟ್ಟು ಅತ್ತೆ. ನನ್ನ ಜನ್ಮದಲ್ಲಿ ಅಂಥ ಸಂತೋಷ ಪಟ್ಟಿರಲಿಲ್ಲ.

ಒಂದೇ ಒಂದು ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ. ಫಸ್ಟ್ ಶಿಫ್ಟಿನವಳು ಬೆಳಕು ಹರಿಯುವ ಮುಂಚೆ ಬಸ್ ಹತ್ತುತ್ತಾಳೆ, ಸಂಜೆಯೆಲ್ಲ ಮೈದಾನದಲ್ಲಿರುತ್ತಾಳೆ. ಹಾಗಾದರೆ ಮಕ್ಕಳ ಡಬ್ಬಿ, ಮುದ್ದೆ, ಸಾರು? ಆಟಗಾರ್ತಿಯ ಪರವಾಗಿ ಅಷ್ಟು ವಾದಿಸಿದ ನಾನು ಗಂಡನ ಪರವಾಗಿ ಒಂದು ಷರತ್ತನ್ನೂ ಹಾಕಿರಲಿಲ್ಲ. ಮೊನ್ನೆ ಭಾನುವಾರ ಕುದಿಯುವ ಎಸರನ್ನು ಒಲೆಯ ಮೇಲೇ ಬಿಟ್ಟು ಟೀ ಅಂಗಡಿಯ ಕಡೆ ಮೆಲ್ಲಗೆ ಜಾರುತ್ತಿದ್ದೆ. ಬಾಗಿಲ ಎಡಮೂಲೆಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಗಿರಿಜಾ ತಲೆಯೆತ್ತದೆಯೇ ಗಬಕ್ಕನೆ ನನ್ನ ಪಾದ ಹಿಡಿದಳು. ಅದೇ ಹೊತ್ತಿಗೆ ಮೆಟ್ಟಿಲು ಹತ್ತಿ ಬಂದ ಮುನಿಯಮ್ಮ, "ಈ ಕಾಲದಲ್ಲೂ ಗಂಡನ ಕಾಲು ಇಡಿಯೋ ಎಣ್ಣು ಸಿಗಾಕೆ ಪುಣ್ಯ ಮಾಡಿರ್ಬೇಕು ಕಣಪ್ಪ" ಎಂದು ಕೈ ಮುಗಿದು ಹೋದರು. ನಾನು ತಿದ್ದಲು ಹೋಗಲಿಲ್ಲ. ವಾಪಸ್ ಬಂದು ಮುದ್ದೆ ತೊಳಸಿದೆ.