ಪಾದ್ರಿಯ ಮಗಳಿಗೊಂದು ಗಂಡು

ಬಸ್‌ಸ್ಟ್ಯಾಂಡಿನಲ್ಲಿ ನಿಂತು ತಾಸುಗಟ್ಟಲೆ ಹರಟಬಲ್ಲ ಮನುಷ್ಯ ಕೂಡ ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತಿದ ಕೂಡಲೇ ಯಾಕೆ ರೇಡಿಯೋದಲ್ಲಿ ಹವಾಮಾನ ವರದಿ ಓದುವವನಾಗಿಬಿಡುತ್ತಾನೆ ಎಂಬುದು ನನಗೆ ಈವರೆಗೆ ಅರ್ಥವಾಗಿಲ್ಲ. ಇನ್ನು ನಾನಂತೂ ಬಸ್‌ಸ್ಟ್ಯಾಂಡಿನಲ್ಲೂ ಹರಟುವ ಪೈಕಿ ಅಲ್ಲ. ಹಾಗಿರುವಾಗ ಮಸ್ಕತ್ತಿನಲ್ಲಿದ್ದ ಆ ವರ್ಷಗಳಲ್ಲಿ ತಿಂಗಳಿಗೊಮ್ಮೆ ಕ್ಯಾಸೆಟ್ಟಿನ ಒಂದು ಬದಿ ತುಂಬಾ ಮಾತಾಡಿ ಕಟಪಾಡಿಯಲ್ಲಿದ್ದ ಅಮ್ಮನಿಗೆ ಕಳಿಸುವ ಕೆಲಸ ನನ್ನ ತಲೆಗೆ ಬಂದಿತ್ತು. ಫೋನು ಮಾಡೋಣವೆಂದರೆ ಅಣ್ಣನ ಮನೆಯಲ್ಲಿ ಫೋನಿರಲಿಲ್ಲ. ಕಾಗದ ಬರೆದರೆ ಅಮ್ಮನಿಗೆ ಕಣ್ಣು ಸಾಲದು, ಅಣ್ಣ ಓದಿ ಹೇಳಬೇಕು. ಅಣ್ಣ ನಡುವೆ ನಡುವೆ ಹಾರಿಸಿ ಓದುತ್ತಾನೆ ಎಂದು ಅಮ್ಮನಿಗೆ ಬಲವಾದ ಗುಮಾನಿ. ಹಾಗಾಗಿ ಕ್ಯಾಸೆಟ್ಟು. ಊರಿಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವುದು, ಅಮ್ಮ ಕೇಳಿ, ಅದರ ಮೇಲೆಯೇ ತನ್ನ ಮಾತು ತುಂಬಿಸಿ, ವಾಪಸು ಬರುವವರ ಕೈಯಲ್ಲಿ ಕಳಿಸುವುದು. ಒಂದೇ ಕ್ಯಾಸೆಟ್ಟು ನಮಗಿಂತ ಹೆಚ್ಚು ಸಲ ಸಮುದ್ರ ದಾಟಿದೆ.

ಧ್ವನಿಮುದ್ರಣವೆಂದರೆ ಮಸ್ಕತ್ತಿನ ರೂವಿ ಪೇಟೆಯಲ್ಲಿದ್ದ ನಮ್ಮ ಫ್ಲ್ಯಾಟಿನಲ್ಲಿ ಸಣ್ಣ ತಪಸ್ಸು. ಎಸಿಯ ಗುಂಯ್ ಸದ್ದು ಟೇಪಿನಲ್ಲಿ ಬಂದುಬಿಡುತ್ತದೆಂದು ಮೊದಲು ಎಸಿ ಆರಿಸಬೇಕು. ಜೂನ್ ತಿಂಗಳಲ್ಲಿ ಮಸ್ಕತ್ತಿನಲ್ಲಿ ಎಸಿ ಆರಿಸಿ ಕೂತು, "ಅಮ್ಮಾ, ನಾವೆಲ್ಲ ಕ್ಷೇಮ" ಎಂದು ನಗುಮುಖದಿಂದ ಹೇಳುವುದಕ್ಕೆ ಮನೋಬಲ ಬೇಕು. ನಾನು ಅಲ್ಲೇ ಘಾಲಾ ಎಂಬಲ್ಲಿ ಎಸಿ ಬಿಡಿಭಾಗಗಳ ಗೋಡೌನಿನಲ್ಲಿ ಸ್ಟೋರ್‌ಕೀಪರ್ ಬೇರೆ. ಊರಿಗೆಲ್ಲ ತಂಪು ಹಂಚುವವನು ವಾರದ ರಜೆಯ ದಿನ ಬೆವರು ಒರೆಸುತ್ತಾ, ಸೆಖೆ ಇದೆ, ಆರೋಗ್ಯ ಇದೆ, ಕೆಲಸ ಇದೆ ಎಂದು ಮೂರು ವಾಕ್ಯ ಹೇಳಿ ಮುಂದೇನೆಂದು ಗೋಡೆ ನೋಡುತ್ತಿದ್ದೆ. ಮಗಳು ಸ್ಮಿತಾಳನ್ನು ಎಳೆದು ತಂದು ಕೂರಿಸಿದರೆ, "ಹಾಯ್ ಅಜ್ಜಿ, ಐ ಆಮ್ ಫೈನ್" ಎಂದು ಓಡಿಹೋಗುತ್ತಿದ್ದಳು. ಉಳಿದ ಟೇಪು ಸುಮ್ಮನೆ ತಿರುಗುತ್ತಿತ್ತು.

ಈ ಸುಮ್ಮನೆ ತಿರುಗುವ ಟೇಪನ್ನು ನೋಡಿ ಹೊಟ್ಟೆ ಉರಿದವಳು ನನ್ನ ಹೆಂಡತಿ ಪದ್ಮಿನಿ. ಅವಳು ಮೈಸೂರಿನವಳು. ಮದುವೆಗೆ ಮುಂಚೆ ಬಿ.ಎ. ಮಾಡಿದ್ದಳು, ಆ ಮೇಲೆ ಮಸಾಲೆಪುಡಿ ಮಾಡಿದಳು, ಸ್ಮಿತಾಳನ್ನು ಶಾಲೆಗೆ ಕಳಿಸಿದಳು. ಕುವೈತಿನ ಯುದ್ಧ ಮುಗಿದ ಮರುವರ್ಷ ಇದ್ದಕ್ಕಿದ್ದ ಹಾಗೆ ಅಂಚೆಯ ಮೂಲಕ ಇಂಗ್ಲಿಷ್ ಎಂ.ಎ. ಕಟ್ಟಿದಳು. ಅದರಲ್ಲಿ ಒಂದು ಪೇಪರು ಪೂರ್ತಿ ಒಬ್ಬಳೇ ಕಾದಂಬರಿಗಾರ್ತಿಯ ಮೇಲೆ. ಅವಳ ಬದುಕು, ಅವಳ ಕಾಲ, ಅವಳ ಮೇಲೆ ಯಾರ ಯಾರ ಪ್ರಭಾವ ಎಂದು ಮೂರು ಭಾಗ. ಇನ್ನೂರು ವರ್ಷದ ಹಿಂದೆ ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಪಾದ್ರಿಯ ಮಗಳಾಗಿ ಹುಟ್ಟಿದವಳು. ಹೆಸರು ದೊಡ್ಡದೇ ಇದೆ, ಆದರೆ ನಮ್ಮ ಮನೆಯಲ್ಲಿ ಅವಳನ್ನು ಯಾರೂ ಹೆಸರಿನಿಂದ ಕರೆಯಲಿಲ್ಲ. "ಪಾದ್ರಿಯ ಮಗಳು" ಎಂದರೆ ಆಯಿತು.

ಪಾದ್ರಿಯ ಮಗಳು ನಮ್ಮ ಮನೆಯಲ್ಲಿ ಠಿಕಾಣಿ ಹೂಡಿದ ಮೇಲೆ ನನ್ನ ಊಟದ ರುಚಿಯೇ ಬದಲಾಯಿತು. ಸಾರು ಬಡಿಸುತ್ತಾ ಪದ್ಮಿನಿ ಕೇಳುತ್ತಿದ್ದಳು, "ಅವಳ ಕಾಲದಲ್ಲಿ ಫ್ರಾನ್ಸಿನ ಜೊತೆ ಯುದ್ಧ ನಡೀತಿತ್ತು ಕಣ್ರೀ. ರಾಜನಿಗೆ ತಲೆ ಕೆಟ್ಟು ಮಗ ರಾಜ್ಯ ಆಳ್ತಿದ್ದ. ಅವಳ ತಮ್ಮ, ಅಣ್ಣ ಇಬ್ಬರೂ ಯುದ್ಧದ ಹಡಗಿನ ಮೇಲಿದ್ರು. ಆದ್ರೂ ಅವಳು ಬರೆದಿದ್ದು ಯಾರ ಮನೆಗೆ ಯಾರು ಟೀಗೆ ಹೋದ್ರು, ಯಾವ ಹುಡುಗಿಗೆ ಯಾವ ಗಂಡು ಅಂತ. ಯಾಕಿರಬಹುದು?" ನಾನು ಅನ್ನ ಕಲಸುತ್ತಾ, ಯುದ್ಧದ ವಿಷಯ ಅವಳಿಗೆ ಗೊತ್ತಿರಲಿಲ್ಲವೇನೋ ಎಂದೆ. "ಹೋದ ವರ್ಷ ಕುವೈತಿನಲ್ಲಿ ಬಾಂಬು ಬೀಳ್ತಿದ್ದಾಗ ನಮ್ಮನೇಲಿ ಕೂತು ನೀವೆಲ್ಲ ಏನು ಮಾತಾಡ್ತಿದ್ರಿ? ಕಾಮತರ ಮಗಳಿಗೆ ದುಬೈ ಹುಡುಗ ಒಪ್ಪಿಗೆಯಾ ಇಲ್ವಾ ಅಂತ ತಾನೇ?" ಎಂದಳು. ನಾನು ಉಪ್ಪಿನಕಾಯಿ ಕೇಳಿದೆ.

ಆದರೆ ನಗುವ ವಿಷಯದ ಹಿಂದೆ ಒಂದು ನಗಲಾಗದ ವಿಷಯವಿತ್ತು. ಪರೀಕ್ಷೆಯನ್ನು ಮೈಸೂರಿಗೇ ಹೋಗಿ ಬರೆಯಬೇಕು. ಅದಕ್ಕೆ ನಮ್ಮ ಒಂದು ತಿಂಗಳ ರಜೆಯಿಂದಲೇ ದಿನ ಕತ್ತರಿಸಬೇಕು. ಗಲ್ಫಿನಲ್ಲಿರುವವರ ರಜೆ ಎಂದರೆ ಹಿಸ್ಸೆಗೆ ಬಿದ್ದ ಆಸ್ತಿ. ಎರಡು ವರ್ಷಕ್ಕೊಮ್ಮೆ ಬರುವ ಆ ದಿನಗಳಲ್ಲಿ ಗಂಡನ ಮನೆಗೆ ಎಷ್ಟು, ತವರಿಗೆ ಎಷ್ಟು ಎಂಬುದರ ಮೇಲೆ ಎಷ್ಟೋ ಮನೆಗಳಲ್ಲಿ ಮಾತು ಬಿಟ್ಟದ್ದುಂಟು. ಕಟಪಾಡಿಯ ದಿನಗಳಲ್ಲಿ ಅರ್ಧ ಹೋದರೆ ಅಮ್ಮ ಏನೆಂದುಕೊಂಡಾರು? ಮೂವತ್ತು ದಾಟಿದ ಸೊಸೆ ಪರೀಕ್ಷೆಯ ನೆಪದಲ್ಲಿ ತವರು ಸೇರಿದಳು ಎಂದಾರು. ಹೀಗೆಂದು ಹೆದರಿ ಪದ್ಮಿನಿ ಓದುತ್ತಿರುವ ವಿಷಯವನ್ನೇ ಅಮ್ಮನಿಗೆ ಹೇಳಿರಲಿಲ್ಲ. "ಹೇಳೋದು ಬೇಡ, ಕಟ್ಟಿದ ಫೀಸು ಹೋದ್ರೆ ಹೋಗಲಿ, ಪರೀಕ್ಷೆಗೆ ಕೂರೋದೇ ಇಲ್ಲ" ಎಂದು ವಾರಕ್ಕೆರಡು ಸಲ ಪುಸ್ತಕ ಮುಚ್ಚುತ್ತಿದ್ದಳು. ಅವಳ ಮುಖ ನೋಡಿದರೆ ನನಗೆ ಬೇಜಾರಾಗುತ್ತಿತ್ತು. ಅಷ್ಟೇ. ಬೇಜಾರಾಗುವುದನ್ನು ಬಿಟ್ಟು ನನಗೆ ಬೇರೆ ಉಪಾಯ ತೋಚುತ್ತಿರಲಿಲ್ಲ.

ಪುಸ್ತಕ ಮುಚ್ಚಿದರೂ ಬಾಯಿ ಮುಚ್ಚಲಾರದ ಹುಚ್ಚು ಅವಳದು. ಇಂಗ್ಲಿಷಿನಲ್ಲಿ ಓದಿದ್ದನ್ನು ಕನ್ನಡದಲ್ಲಿ ತನಗೆ ತಾನೇ ಹೇಳಿಕೊಂಡರೆ ತಲೆಯಲ್ಲಿ ನಿಲ್ಲುತ್ತದೆಂದು, ಪಾದ್ರಿಯ ಮಗಳ ಬದುಕನ್ನೆಲ್ಲ ಟೇಪಿನಲ್ಲಿ ತುಂಬಿಸಿ ಅಡಿಗೆ ಮಾಡುವಾಗ ಕೇಳುವ ಯೋಜನೆ ಹಾಕಿದಳು. ತುಂಬಿಸಿದ್ದು ಎಲ್ಲಿ? ಅಮ್ಮನ ಕ್ಯಾಸೆಟ್ಟಿನ ಆಚೆ ಬದಿಯಲ್ಲಿ, ನಾನು ಖಾಲಿ ಬಿಟ್ಟಿದ್ದ ಜಾಗದಲ್ಲಿ. ನಾನು ಈಚೆ ಬದಿಯಲ್ಲಿ ನನ್ನ ಮೂರು ವಾಕ್ಯ ಹೇಳಿ, ಮರುದಿನ ಊರಿಗೆ ಹೊರಟಿದ್ದ ನಮ್ಮ ಆಫೀಸಿನ ಪ್ರಭಾಕರನ ಕೈಯಲ್ಲಿ ಅದನ್ನು ಕೊಟ್ಟೂ ಆಯಿತು, ಅವನು ವಿಮಾನ ಹತ್ತಿಯೂ ಆಯಿತು. "ಏನ್ರೀ, ಆ ಕ್ಯಾಸೆಟ್ಟು ಎಲ್ಲಿಟ್ರಿ?" ಎಂದು ಪದ್ಮಿನಿ ಕೇಳಿದಾಗ, ಪ್ರಭಾಕರನ ಪೆಟ್ಟಿಗೆಯಲ್ಲಿ ಎಂದೆ. ಅವಳು ಒಲೆ ಆರಿಸಿ ಸ್ಟೂಲಿನ ಮೇಲೆ ಕೂತಳು. "ಅತ್ತೆಗೆ ಎಲ್ಲಾ ಗೊತ್ತಾಗೋಯ್ತು, ಬಿಡಿ" ಎಂದಳು.

ತಿಂಗಳು ಕಳೆದು ಪ್ರಭಾಕರ ಹಿಂದಿರುಗಿದ. ಎಸಿ ಆರಿಸುವ ಅಗತ್ಯವಿಲ್ಲದಿದ್ದರೂ ಭಯಕ್ಕೆ ಆರಿಸಿ, ಇಬ್ಬರೂ ಟೇಪಿನ ಮುಂದೆ ಕೂತೆವು. ಮೊದಲು ಅಮ್ಮನ ಕೆಮ್ಮು, ಆಮೇಲೆ ಗಡಿಯಾರದ ಟಿಕ್‌ಟಿಕ್, ಆಮೇಲೆ ಅಮ್ಮ. ನನ್ನೊಡನೆ ತುಳು ಆಡುವವಳು ಸೊಸೆಗಾಗಿ ಕನ್ನಡದಲ್ಲೇ ಶುರುಮಾಡಿದ್ದಳು.

"ಪದ್ಮಿನೀ, ನಿಮ್ಮ ಬಿಲ್ಡಿಂಗಿನ ಆ ಪಾದ್ರಿಯ ಮಗಳ ಕಥೆ ಕೇಳಿ ನನಗೆ ತುಂಬಾ ಬೇಸರ ಆಯ್ತು ಮಾರಾಯ್ತಿ. ಅಪ್ಪ ಹೋದ ಮೇಲೆ ತಾಯಿ, ಎರಡು ಹೆಣ್ಣುಮಕ್ಕಳು ಅಣ್ಣತಮ್ಮಂದಿರ ಮನೆಯಿಂದ ಮನೆಗೆ ಗಂಟು ಹೊತ್ತುಕೊಂಡು ತಿರುಗುವುದು ಅಂದ್ರೆ ಸಣ್ಣ ಕಷ್ಟವಾ? ಒಬ್ಬ ಅಣ್ಣನನ್ನು ಶ್ರೀಮಂತರು ದತ್ತು ತಗೊಂಡಿದ್ದಾರೆ ಅಂದಿಯಲ್ಲ, ಅವನಿಗೆ ಇವರಿಗೊಂದು ಮನೆ ಕೊಡ್ಲಿಕ್ಕೆ ಅಷ್ಟು ವರ್ಷ ಬೇಕಾಯ್ತಾ? ಅಕ್ಕನಿಗೆ ನಿಶ್ಚಯ ಆದ ಹುಡುಗ ಪರದೇಶದಲ್ಲಿ ಜ್ವರ ಬಂದು ಹೋದ ಅಂತ ಕೇಳಿ ಆ ದಿವಸ ನನಗೆ ಊಟ ಸೇರಲಿಲ್ಲ. ಮತ್ತೆ, ಆ ಹುಡುಗಿ ಯಾರಾದ್ರೂ ಬಂದ ಕೂಡ್ಲೆ ಬರೆದದ್ದನ್ನು ಅಡಗಿಸುವುದು ಯಾಕೆ? ನಿಮ್ಮ ಒಳಗಿನ ಕೋಣೆ ಅವಳಿಗೆ ಬಿಟ್ಟುಕೊಡು. ಇವನು ಹಾಲಿನಲ್ಲಿ ಮಲಗ್ಲಿ."

ನಾವು ಮುಖ ಮುಖ ನೋಡಿಕೊಂಡೆವು. ಇನ್ನೂರು ವರ್ಷ ಎಂಬುದನ್ನೂ, ಇಂಗ್ಲೆಂಡು ಎಂಬುದನ್ನೂ ಪದ್ಮಿನಿ ಎಲ್ಲೂ ಹೇಳಿಯೇ ಇರಲಿಲ್ಲ. ತನಗೆ ತಾನೇ ಹೇಳಿಕೊಳ್ಳುವವಳು ಅದನ್ನೆಲ್ಲ ಯಾಕೆ ಹೇಳಿಯಾಳು? ಬದುಕಿನ ಕೊನೆ, ಕಾಲದ ಭಾಗ, ಪ್ರಭಾವದ ಭಾಗ ಇನ್ನೂ ತುಂಬಿಸಬೇಕಿತ್ತಷ್ಟೇ. ಅಮ್ಮನ ಪಾಲಿಗೆ ಪಾದ್ರಿಯ ಮಗಳು ನಮ್ಮ ಎದುರು ಫ್ಲ್ಯಾಟಿನವಳು.

ಟೇಪು ಮುಂದುವರಿಯಿತು. "ಪಾದ್ರಿಗಳಲ್ಲಿ ಮದುವೆ ಆಗುವವರು, ಆಗದವರು ಅಂತ ಎರಡು ಉಂಟು. ಇವರು ಆಗುವವರು ಅಲ್ವಾ? ನಮ್ಮಲ್ಲಿ ಐಸಾಕ್ ಮಾಸ್ತರು ಅಂತ ಇದ್ದಾರೆ, ಡ್ರಾಯಿಂಗ್ ಕಲಿಸುವುದು. ಅವರೂ ಆ ಪಂಗಡದವರೇ. ಹೆಂಡತಿ ಹೋಗಿ ಸುಮಾರು ಸಮಯ ಆಯ್ತು, ಮಕ್ಕಳಿಲ್ಲ. ಹಾರ್ಮೋನಿಯಂ ಬಾರಿಸ್ತಾರೆ, ಎಲೆಅಡಿಕೆ ಕೂಡ ಇಲ್ಲ. ನಾನು ಸುಮ್ಮನೆ ಒಂದು ಮಾತು ಕಿವಿಗೆ ಹಾಕಿದ್ದೇನೆ. ಫೋಟೋ ಕಳಿಸ್ಲಿಕ್ಕೆ ಹೇಳಿ ಅಂದಿದ್ದಾರೆ."

ನನಗೆ ನಗು ತಡೆಯಲಾಗಲಿಲ್ಲ. ಪದ್ಮಿನಿ ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು, ನಗುವೋ ಅಳುವೋ ತಿಳಿಯಲಿಲ್ಲ. ಅಷ್ಟರಲ್ಲಿ ಅಮ್ಮನ ಧ್ವನಿ ತಗ್ಗಿತು. "ಸಂಜೆ ಹೂಂ ಅಂದವಳು ಬೆಳಿಗ್ಗೆ ಎದ್ದು ಬೇಡ ಅಂದಳಂತಲ್ಲ, ಮದುವೆ ಕೇಳಿದ ಅಷ್ಟು ದೊಡ್ಡ ಮನೆಯವನಿಗೆ. ನಮ್ಮನ್ನು ಸಂಜೆಯೂ ಕೇಳಲಿಲ್ಲ, ಬೆಳಿಗ್ಗೆಯೂ ಕೇಳಲಿಲ್ಲ." ಮತ್ತೆ ಕೆಮ್ಮಿ ಮಾತು ಬದಲಿಸಿದಳು. "ಇರ್ಲಿ. ಐಸಾಕ್ ಮಾಸ್ತರ ವಿಷಯದಲ್ಲಿ ಅವಳಿಗೆ ಯೋಚಿಸ್ಲಿಕ್ಕೆ ಸರೀ ಸಮಯ ಕೊಡುವ. ಅವಸರ ಬೇಡ."

ಕೊನೆಯಲ್ಲಿ ನನಗೂ ಒಂದು ಮಾತಿತ್ತು. ನನ್ನ ಬದಿ ಕೇಳಿದಳಂತೆ, ಸೆಖೆ ಕಟಪಾಡಿಯಲ್ಲೂ ಇದೆಯಂತೆ.

ಈಗ ಅಮ್ಮನಿಗೆ ಹೇಳುವುದು ಹೇಗೆ? ಸುಮ್ಮನಿದ್ದರೆ ಐಸಾಕ್ ಮಾಸ್ತರು ಪಾಪ ಹೊಸ ಪ್ಯಾಂಟು ಹೊಲಿಸಿಯಾರು. ಹೇಳಿದರೆ ಎಂ.ಎ., ಪರೀಕ್ಷೆ, ಕತ್ತರಿಸುವ ದಿನಗಳು ಎಲ್ಲ ಒಟ್ಟಿಗೆ ಹೊರಬೀಳುತ್ತವೆ. ಹುಡುಗಿ ಬೇರೆ ಊರಿಗೆ ಹೋದಳು ಎಂದುಬಿಡೋಣ ಎಂದು ನಾನು ಸೂಚಿಸಿದೆ. ಪದ್ಮಿನಿ ನನ್ನನ್ನು ಒಮ್ಮೆ ನೋಡಿದಳು. "ಅವರು ಊಟ ಬಿಟ್ಟಿದ್ದಾರೆ ರೀ ಅವಳಿಗೋಸ್ಕರ. ಅಂಥವರಿಗೆ ಸುಳ್ಳು ಹೇಳ್ತೀರಾ?" ಎಂದು ತಾನೇ ಕೆಂಪು ಗುಂಡಿ ಒತ್ತಿದಳು.

"ಅತ್ತೆ, ಆ ಹುಡುಗಿ ನಮ್ಮ ಬಿಲ್ಡಿಂಗಿನವಳಲ್ಲ. ಇಂಗ್ಲೆಂಡಿನವಳು, ತೀರಿಕೊಂಡು ನೂರೆಪ್ಪತ್ತು ವರ್ಷದ ಮೇಲಾಯ್ತು. ನಾನು ಪರೀಕ್ಷೆಗೆ ಓದ್ತಿರೋ ಪಾಠ ಅದು. ನಿಮಗೆ ಹೇಳದೆ ಓದಿದೆ. ಪರೀಕ್ಷೆಗೆ ಕೂರಬೇಕಾದ್ರೆ ನಿಮ್ಮ ಮನೇಲಿ ಇರೋ ದಿನಾನೇ ಕಮ್ಮಿ ಆಗತ್ತೆ. ನೀವು ಬೇಡ ಅಂದ್ರೆ ನಾನು ಕೂರೋದಿಲ್ಲ." ಆಮೇಲೆ ಉಳಿದದ್ದನ್ನೂ ಹೇಳಿದಳು. ಅಪ್ಪನ ಕಪಾಟಿನ ಪುಸ್ತಕಗಳನ್ನೆಲ್ಲ ಪಾದ್ರಿಯ ಮಗಳು ಓದಿ ಮುಗಿಸಿದ್ದು, ಅವಳಿಗಿಂತ ಮುಂಚೆ ಬರೆದ ಹೆಂಗಸರನ್ನು ಓದಿ ಧೈರ್ಯ ತಂದುಕೊಂಡದ್ದು, ಆಗಿನ ದೆವ್ವದ ಕಾದಂಬರಿಗಳನ್ನು ಓದಿ ಹೊಟ್ಟೆ ಹಿಡಿದು ನಕ್ಕು ಅವುಗಳನ್ನೇ ಅಣಕಿಸಿ ಬರೆದದ್ದು, ಬರೆದದ್ದನ್ನೆಲ್ಲ ಸಂಜೆ ಮನೆಮಂದಿಯ ಮುಂದೆ ಓದುತ್ತಿದ್ದದ್ದು, ಪುಸ್ತಕದ ಮೇಲೆ ತನ್ನ ಹೆಸರಿಲ್ಲದೆ "ಒಬ್ಬ ಹೆಂಗಸು" ಎಂದಷ್ಟೇ ಅಚ್ಚು ಹಾಕಿಸಿದ್ದು, ನಲವತ್ತೊಂದರಲ್ಲಿ ಕಾಯಿಲೆ ಬಿದ್ದು ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಹೋದದ್ದು. ಮಧ್ಯೆ ಕುಕ್ಕರು ಕೂಗಿತು. ನಿಲ್ಲಿಸಲಿಲ್ಲ. ಅಂದು ಅವಳ ಬದಿ ಸಾಲದೆ ನನ್ನ ಬದಿಗೂ ದಾಟಿತು, ನನ್ನ ಮೂರು ವಾಕ್ಯಕ್ಕೆ ಜಾಗವಿರಲಿಲ್ಲ.

ಉತ್ತರ ಬರುವವರೆಗೆ ಮನೆಯಲ್ಲಿ ಯಾರೂ ಪಾದ್ರಿಯ ಮಗಳ ಮಾತೆತ್ತಲಿಲ್ಲ. ಪದ್ಮಿನಿ ಪುಸ್ತಕ ಮುಟ್ಟಲಿಲ್ಲ. ನನಗೆ ಆ ಮೌನ ಹಿಡಿಸಲಿಲ್ಲ, ಊಟದ ಹೊತ್ತಿಗೆ ನಾನೇ ಫ್ರಾನ್ಸಿನ ಯುದ್ಧ ಏನಾಯಿತೆಂದು ಕೇಳಿ ನೋಡಿದೆ. "ಅವರು ಸೋತ್ರು" ಎಂದು ಹೇಳಿ ಎದ್ದುಹೋದಳು.

ಅಂತೂ ಟೇಪು ಬಂತು. "ಹೋಗಿಬಿಟ್ಟಳಾ" ಎಂದಿತು ಅಮ್ಮನ ಧ್ವನಿ. ನೂರೆಪ್ಪತ್ತು ವರ್ಷದ ಹಿಂದಿನ ಸಾವನ್ನು ನಿನ್ನೆಯದೆಂಬಂತೆ ಕೇಳಿದಳು. "ನಾನು ತಲೆಗೆ ನೀರು ಹಾಕ್ಕೊಂಡೆ ಪದ್ಮಿನಿ. ನಮ್ಮವಳಲ್ಲ, ಆದ್ರೂ ಮನಸ್ಸು ಕೇಳಲಿಲ್ಲ. ಐಸಾಕ್ ಮಾಸ್ತರಿಗೆ ಹೇಳಿದೆ. ಅವರು ನಕ್ಕು, ಇದ್ದಿದ್ರೆ ನನ್ನನ್ನೂ ಬೆಳಿಗ್ಗೆ ಎದ್ದು ಬೇಡ ಅಂತಿದ್ದಳು ಬಿಡಿ ಅಂದ್ರು. ಮತ್ತೆ ನೀನು ಎಂತ, ನನ್ನ ಹತ್ರ ಕೇಳುವುದು? ಪರೀಕ್ಷೆ ಬರಿ. ನನ್ನ ದಿವಸ ಎಷ್ಟು ಬೇಕೋ ತಗೋ. ಆದ್ರೆ ಉಳಿದ ದಿವಸದಲ್ಲಿ ನನಗೊಂದು ಕೆಲಸ ಮಾಡಿಕೊಡಬೇಕು. ಅವಳದ್ದು ಹೇಳಿದೆಯಲ್ಲ, ಹಾಗೆಯೇ ನನ್ನದೂ ಒಂದು ಬದಿ ತುಂಬಿಸಿಕೊಡು."

ಪದ್ಮಿನಿ ಅತ್ತಳು. ನಾನು ಎಸಿ ಹಾಕಿದೆ.

ಆ ರಜೆಯಲ್ಲಿ ಅವಳು ಮೈಸೂರಿಗೆ ಹೋಗಿ ಪರೀಕ್ಷೆ ಬರೆದು, ಉಳಿದ ನಾಲ್ಕಾರು ದಿನಕ್ಕೆ ಕಟಪಾಡಿಗೆ ಬಂದಳು. ಬಂದ ಮರುದಿನವೇ ಅತ್ತೆ ಸೊಸೆ ಫ್ಯಾನು ಆರಿಸಿ, ಬಾಗಿಲು ಹಾಕಿಕೊಂಡು ಟೇಪಿನ ಮುಂದೆ ಕೂತರು. ನಾನೂ ಒಳಗೆ ಹೋದೆ. "ನೀನು ಹೊರಗೆ ಇರು ಮಗಾ, ನೀನಿದ್ರೆ ನನಗೆ ಮಾತು ಬರುವುದಿಲ್ಲ" ಎಂದಳು ಅಮ್ಮ. ಅಣ್ಣನೂ ನಾನೂ ಜಗಲಿಯಲ್ಲಿ ಕೂತು ಒಳಗಿನ ನಗು ಕೇಳಿಸಿಕೊಂಡೆವು.

ನನ್ನ ತಾಯಿಯ ಬದುಕು ನನಗೆ ತಿಳಿದದ್ದು ಮಸ್ಕತ್ತಿಗೆ ಬಂದ ಮೇಲೆ, ಪದ್ಮಿನಿ ಅನುಮತಿ ಕೊಟ್ಟ ಒಂದು ಶುಕ್ರವಾರ. ಹದಿನೈದನೆಯ ವಯಸ್ಸಿನಲ್ಲಿ ಮದುವೆಯಾಗಿ ದೋಣಿಯಲ್ಲಿ ಹೊಳೆ ದಾಟುವಾಗ ಅಳು ಬಾರದೆ ಹಸಿವಾದದ್ದು, ಶಾಲೆ ಬಿಡಿಸಿದಾಗ ಸ್ಲೇಟನ್ನು ಬಾವಿಕಟ್ಟೆಯ ಹಿಂದೆ ಬಚ್ಚಿಟ್ಟದ್ದು, ನಮ್ಮ ಅಪ್ಪನ ಕೋಪ, ಅಪ್ಪನ ಒಳ್ಳೆಯತನ, ಯಾರೂ ಇಲ್ಲದಾಗ ಅವಳು ಹಾಡುತ್ತಿದ್ದ ಹಾಡು. ಒಂದೂ ನನಗೆ ಗೊತ್ತಿರಲಿಲ್ಲ. ಕೇಳುತ್ತಾ ನನ್ನ ಕಣ್ಣು ಒದ್ದೆಯಾಗಿ, ಅವಳ ಕಥೆಯಲ್ಲಿ ಈಗ ಬರುತ್ತೇನೆ, ಇನ್ನೇನು ನಾನು ಬರುತ್ತೇನೆ ಎಂದು ಎರಡು ಬದಿಯೂ ಕಾದು ಕೂತೆ. ಎಷ್ಟೆಂದರೂ ಕಿರಿಯ ಮಗ. ಒಂದೇ ಒಂದು ಸಲ ಬಂದೆ, ಅದೂ ನಮ್ಮ ಕಪ್ಪು ದನ ಅವಳಿ ಕರು ಹಾಕಿದ್ದು ನಾನು ಹುಟ್ಟಿದ ವರ್ಷವೋ ಅದರ ಮರುವರ್ಷವೋ ಎಂದು ಅಮ್ಮ ನೆನಪು ಮಾಡಿಕೊಳ್ಳುವಾಗ.